ನೆಲದಿಂದ ಮಂಚಕ್ಕೆ: ಪ್ರಾಜೆಕ್ಟ್ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಕೊನೆಯ ವರ್ಷಕ್ಕೆ ಬಂದ ಕೂಡಲೇ ನಿಮ್ಮೆಲ್ಲರ ತಲೆಯೊಳಗೆ ಸುತ್ತುವ ಪ್ರಶ್ನೆ ಒಂದೇ: ಪ್ರಾಜೆಕ್ಟ್ ಏನು ಮಾಡೋಣ? ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನವರಿರಲಿ, ರಾಣೆಬೆನ್ನೂರಿನ ತರಳಬಾಳು ಜಗದ್ಗುರು ತಾಂತ್ರಿಕ ವಿದ್ಯಾಲಯದವರಿರಲಿ, ಹಾವೇರಿ, ಬ್ಯಾಡಗಿ ಕಡೆಯಿಂದ ಡಿಪ್ಲೊಮಾ, ಐಟಿಐಗೆ ಹೋಗುವವರಿರಲಿ, ನಾಲ್ಕು ಮಂದಿ ಗುಂಪು ಕಟ್ಟಿಕೊಂಡು ಗೈಡ್ ಮುಂದೆ ನಿಂತಾಗ ನಿಮ್ಮಲ್ಲಿ ಹಲವರು ಹೇಳುವ ವಿಷಯ ವಯಸ್ಸಾದವರಿಗೆ, ಅಂಗವಿಕಲರಿಗೆ ಮನೆಯಲ್ಲಿ ನೆರವಾಗುವ ರೋಬೋಟ್. ಇಪ್ಪತ್ತರ ಹರೆಯದಲ್ಲಿ ಅರವತ್ತು ದಾಟಿದವರ ಕಷ್ಟ ನಿಮ್ಮ ಕಣ್ಣಿಗೆ ಬಿದ್ದಿದೆಯಲ್ಲ, ಅದು ಸಣ್ಣ ಮಾತಲ್ಲ. ನಿಮ್ಮ ಮನಸ್ಸಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಿಮ್ಮ ಯಂತ್ರ ನಮ್ಮ ಮನೆಯೊಳಗೆ ಬರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಬ್ಯಾಡಗಿಯವಳು. ನನ್ನ ಅಕ್ಕನಿಗೆ ತೊಟ್ಟಿಲ ಕೂಸಾಗಿದ್ದಾಗಲೇ ಪೋಲಿಯೊ ಬಂದು ಎರಡೂ ಕಾಲು ಹೋದವು. ಈಗ ಆಕೆಗೆ ಅರವತ್ತು ದಾಟಿದೆ. ಎರಡೂ ಅಂಗೈ ನೆಲಕ್ಕೂರಿ, ಮೈಯೆತ್ತಿ ಮುಂದಕ್ಕಿಡುತ್ತ, ಮತ್ತೆ ಅಂಗೈ ಊರುತ್ತ ಮನೆಯೆಲ್ಲ ಓಡಾಡಿದವಳು. ಮೆಣಸಿನಕಾಯಿ ತೊಟ್ಟು ಬಿಡಿಸಿ ತನ್ನ ಅನ್ನ ತಾನೇ ದುಡಿದವಳು. ಕಾಲಿಲ್ಲವೆಂದು ಆಕೆ ಯಾರಿಗೂ ಕಾದು ಕೂತವಳಲ್ಲ. ಈಗ ಕಾಯುತ್ತಾಳೆ. ಏಕೆಂದರೆ ಈಗ ಹೋಗುತ್ತಿರುವುದು ಹೆಗಲು.

ವಯಸ್ಸಾಗಿ ಅಂಗವಿಕಲರಾಗುವವರು ಬೇರೆ, ಅಂಗವಿಕಲರಾಗಿ ಬದುಕಿ ವಯಸ್ಸಾಗುವವರು ಬೇರೆ. ಎಪ್ಪತ್ತಕ್ಕೆ ಮೊಣಕಾಲು ಸವೆದವರು, ಕಣ್ಣು ಮಂಜಾದವರು, ಲಕ್ವಾ ಹೊಡೆದು ಒಂದು ಪಕ್ಕ ಬಿದ್ದವರು ಮೊದಲನೆಯ ಸಾಲಿನವರು. ಅವರನ್ನು ನೀವು ನಿಮ್ಮ ಅಜ್ಜ ಅಜ್ಜಿಯರಲ್ಲಿ ನೋಡಿದ್ದೀರಿ, ನಿಮ್ಮ ಪ್ರಾಜೆಕ್ಟ್ ವರದಿಗಳಲ್ಲೂ ಅವರೇ ಬರುತ್ತಾರೆ. ಎರಡನೆಯ ಸಾಲಿನವರನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಬಾಯಿಹನಿ ಹಳ್ಳಿಹಳ್ಳಿಗೆ ತಲುಪುವ ಮುಂಚೆ, 1960ರಿಂದ 80ರ ದಶಕದವರೆಗೆ ಪೋಲಿಯೊ ತಾಗಿದ ಮಕ್ಕಳು ಈಗ ನಲವತ್ತು, ಐವತ್ತು, ಅರವತ್ತರಲ್ಲಿದ್ದಾರೆ. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹಾವ್ಡಾದಲ್ಲಿ 2011ರ ಜನವರಿ 13ರಂದು ಕಂಡಿತು. 2014ರ ಮಾರ್ಚ್ 27ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನಮ್ಮನ್ನು ಪೋಲಿಯೊಮುಕ್ತರೆಂದು ಸಾರಿತು. ಆ ದಿನ ಸಿಹಿ ಹಂಚಿದವರಲ್ಲಿ ನಾನೂ ಒಬ್ಬಳು. ರೋಗ ಹೋಯಿತು, ರೋಗ ತಾಗಿದವರು ಉಳಿದರು.

ಅವರ ಮೈಯಲ್ಲಿ ಈಗ ಏನಾಗುತ್ತಿದೆ ಎಂಬುದನ್ನು ಯಂತ್ರ ಮಾಡುವವರು ತಿಳಿಯಲೇಬೇಕು. ಪೋಲಿಯೊ ವೈರಸ್ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಸಾಯದೆ ಉಳಿದ ಕೋಶಗಳು ಹೊಸ ಕವಲೊಡೆದು, ಒಡೆಯನಿಲ್ಲದ ಸ್ನಾಯುಎಳೆಗಳ ಹೊಣೆಯನ್ನೂ ತಾವೇ ಹೊತ್ತುಕೊಳ್ಳುತ್ತವೆ. ಹತ್ತಾರು ವರ್ಷ ಹೀಗೆ ಎರಡಾಳು, ಮೂರಾಳಿನ ಕೆಲಸ ಮಾಡಿದ ಕೋಶಗಳು ಕಡೆಗೆ ದಣಿದು ಬೀಳುತ್ತವೆ. ರೋಗ ಬಂದುಹೋಗಿ 15ರಿಂದ 40 ವರ್ಷಗಳಾದ ಮೇಲೆ ಹೊಸದಾಗಿ ನಿಶ್ಶಕ್ತಿ, ನೋವು, ಆಯಾಸ ಶುರುವಾಗುತ್ತವೆ. ವೈದ್ಯರು ಇದನ್ನು ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎನ್ನುತ್ತಾರೆ. ಇದರ ಜೊತೆಗೆ ಹೆಗಲಿನ ಮಾತು ಬೇರೆ ಇದೆ. ಹೆಗಲು ಕೈ ಆಡಿಸಲು ಇರುವ ಕೀಲು, ಮೈ ಹೊರಲು ಇರುವ ಕೀಲಲ್ಲ. ಊರುಗೋಲು ಹಿಡಿದವರು, ಕೈಯಿಂದ ತಿರುವುವ ಮೂರುಗಾಲಿ ಸೈಕಲ್ಲಿನವರು, ನೆಲದ ಮೇಲೆ ಅಂಗೈ ಊರಿ ಸರಿಯುವವರು ತಮ್ಮ ಹೆಗಲನ್ನೇ ಕಾಲು ಮಾಡಿಕೊಂಡು ಬದುಕಿದವರು. ಆ ಹೆಗಲಿನ ಸ್ನಾಯುರಜ್ಜುಗಳು ಸವೆದು ಹರಿದಾಗ ಅವರು ಎರಡನೆಯ ಸಲ ಕಾಲು ಕಳೆದುಕೊಳ್ಳುತ್ತಾರೆ.

ವರ್ಷವರ್ಷ ನಡೆಯುವ ಪ್ರಾಜೆಕ್ಟ್ ಪ್ರದರ್ಶನಗಳಿಗೆ ನಾನು ಹೋಗುತ್ತೇನೆ. ಮಾತು ಕೇಳಿ ಓಡುವ ಗಾಲಿಕುರ್ಚಿ, ಕೈಗವಸಿನ ಸನ್ನೆಗೆ ತಿರುಗುವ ಗಾಲಿಕುರ್ಚಿ, ಅಲ್ಟ್ರಾಸಾನಿಕ್ ಸೆನ್ಸರ್ ಕೂಡಿಸಿದ ಕುರುಡರ ಕೋಲು, ಗುಳಿಗೆಯ ಹೊತ್ತು ನೆನಪಿಸುವ ಡಬ್ಬಿ, ಬಿದ್ದರೆ ಮಗನ ಫೋನಿಗೆ ಸಂದೇಶ ಕಳಿಸುವ ಪಟ್ಟಿ. ಆರ್ಡುಯಿನೊ ಬೋರ್ಡು, ಬ್ಲೂಟೂತ್ ಮಾಡ್ಯೂಲು, ಮೋಟರ್ ಡ್ರೈವರ್. ಕೆಲಸ ಕಲಿಯಲು ಇವೆಲ್ಲ ಒಳ್ಳೆಯವೇ. ಆದರೆ ಟೈಲ್ಸ್ ಹಾಕಿದ ಹಾಲ್‌ನಲ್ಲಿ ಚೆನ್ನಾಗಿ ಓಡಿದ ಆ ಕುರ್ಚಿ ವೈವಾ ಮುಗಿದ ಮರುದಿನ ಬಿಚ್ಚಿಹೋಗುತ್ತದೆ, ಮೋಟರ್ ಮುಂದಿನ ಬ್ಯಾಚಿನವರ ಕೈಗೆ ಹೋಗುತ್ತದೆ. ಅದು ಯಾರ ಮನೆಗೂ ಹೋಗುವುದಿಲ್ಲ. ಏಕೆಂದರೆ ಅದರ ಯೋಚನೆ ಯಾರ ಮನೆಯಿಂದಲೂ ಬಂದದ್ದಲ್ಲ.

ನಮ್ಮ ಮನೆಗಳನ್ನು ನೀವು ಬಲ್ಲಿರಿ, ನೀವೂ ಅಂಥ ಮನೆಗಳಲ್ಲೇ ಹುಟ್ಟಿದವರು. ಕಟ್ಟೆ ಹತ್ತಿ, ಎತ್ತರದ ಹೊಸ್ತಿಲು ದಾಟಿ ಒಳಗೆ ಬರಬೇಕು. ಪಡಸಾಲೆಗೂ ಅಡುಗೆಮನೆಗೂ ನಡುವೆ ಇನ್ನೊಂದು ಹೊಸ್ತಿಲು. ಬಚ್ಚಲು ಹಿತ್ತಲ ಕಡೆಗೆ, ಒಂದು ಮೆಟ್ಟಿಲು ಕೆಳಗೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಬದುಕೆಲ್ಲ ನೆಲದ ಮೇಲೆ. ಉಣ್ಣುವುದು, ರೊಟ್ಟಿ ಬಡಿಯುವುದು, ಕಾಯಿ ತೊಟ್ಟು ಬಿಡಿಸುವುದು, ಬಂದವರೊಡನೆ ಮಾತಿಗೆ ಕೂಡುವುದು, ಮಲಗುವುದು ಎಲ್ಲವೂ ನೆಲದ ಮೇಲೆ. ಹೊರದೇಶದ ಮನೆರೋಬೋಟುಗಳು ಹೆಚ್ಚಾಗಿ ಕುರ್ಚಿಯಲ್ಲಿ ಕೂತ, ಮಂಚದಲ್ಲಿ ಮಲಗಿದ ಮನುಷ್ಯನ ಅಳತೆಗೆ ಮಾಡಿದವು. ಜಪಾನಿನ ರಿಕೆನ್ ಸಂಸ್ಥೆ 2015ರಲ್ಲಿ ರೋಬೇರ್ ಎಂಬ ಯಂತ್ರ ತೋರಿಸಿತು. ಕರಡಿ ಮುಖದ ಆ ಯಂತ್ರ ರೋಗಿಯನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಗೆ ಕೂಡಿಸುತ್ತಿತ್ತು. ಅದರ ತೂಕ 140 ಕಿಲೊ. ಅದು ನಮ್ಮ ಓಣಿಯ ಯಾವ ಬಾಗಿಲಲ್ಲೂ ಹಿಡಿಸುವುದಿಲ್ಲ.

ಬಾಗಿಲ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹೊಸ್ತಿಲು ಹತ್ತುವ ಆರು ಗಾಲಿಯ ರೋಬೋಟ್ ಮಾಡುವ ಮುಂಚೆ, ಆ ಹೊಸ್ತಿಲಿಗೆ ಎರಡೂ ಕಡೆ ಹಲಗೆಯ ಇಳಿಜಾರು ಕೂಡಿಸಲು ಆಗುತ್ತದೆಯೇ ನೋಡಿ. ಒಂದಕ್ಕೆ ಹನ್ನೆರಡರ ಇಳಿಜಾರು ಎಂಬುದು ಸಾಮಾನ್ಯ ನಿಯಮ, ಅಂದರೆ ಆರಿಂಚಿನ ಹೊಸ್ತಿಲಿಗೆ ಆರು ಅಡಿಯ ಹಲಗೆ. ಜಾಗ ಇಲ್ಲದ ಕಡೆ ಮಾತ್ರ ಯಂತ್ರ ಬೇಕು.

ಅಕ್ಕನನ್ನು ನಾನೊಮ್ಮೆ ಕೇಳಿದೆ: ನಿನಗೊಂದು ಯಂತ್ರ ಮಾಡಿಕೊಡುತ್ತಾರೆ ಅಂದರೆ ಏನು ಕೇಳುತ್ತಿ? ನೀರು ತರುವುದು, ಗುಳಿಗೆ ಕೊಡುವುದು ಅಂತ ಏನೋ ಹೇಳಿಯಾಳು ಎಂದುಕೊಂಡಿದ್ದೆ. ಆಕೆ ಹೇಳಿದ್ದು ಇಷ್ಟೇ: "ನೆಲದ ಮ್ಯಾಲಿಂದ ಮಂಚಕ್ಕ ನಾನs ಏರೂ ಹಂಗ ಆಗಬೇಕವ್ವಾ. ನನ್ನ ಯಾರೂ ಬಗಲಾಗ ಕೈ ಹಾಕಿ ಎತ್ತಬಾರದು." ಮಂಡಿಯ ಎತ್ತರದ ಆ ಜಾಗ ಆಕೆಯ ಇಡೀ ದಿನವನ್ನು ಎರಡಾಗಿ ಸೀಳಿದೆ. ನೆಲದ ಮೇಲಿದ್ದರೆ ಕೆಲಸ ಉಂಟು, ಮಾತುಕತೆ ಉಂಟು, ಊಟ ಉಂಟು. ಆದರೆ ಮೇಲಕ್ಕೇರಲು ಯಾರಾದರೂ ಬರಬೇಕು. ಮಂಚದ ಮೇಲಿದ್ದರೆ ಬೆನ್ನಿಗೆ ಸುಖ, ಆದರೆ ಕೈಗೆ ಕೆಲಸವಿಲ್ಲ. ಕೆಳಗಿಳಿಯಬೇಕೆಂದರೂ ಯಾರಾದರೂ ಬರಬೇಕು.

ಈ ಒಂದು ಕೆಲಸಕ್ಕೆ ಎಷ್ಟು ಶಕ್ತಿ ಬೇಕೆಂದು ನೀವೇ ಲೆಕ್ಕ ಹಾಕಿ. 60 ಕಿಲೊ ತೂಕದವರನ್ನು 45 ಸೆಂಟಿಮೀಟರ್ ಎತ್ತಲು ಸುಮಾರು 265 ಜೌಲ್ ಸಾಕು. ಅವಸರವಿಲ್ಲದೆ 30 ಸೆಕೆಂಡಿನಲ್ಲಿ ಎತ್ತಿದರೆ ಅದು 9 ವಾಟ್. ಸ್ಕ್ರೂವಿನ ಘರ್ಷಣೆಯಲ್ಲಿ ಮೂರರಲ್ಲಿ ಎರಡು ಪಾಲು ಸೋರಿಹೋಗಲಿ, ಕೂಡುವ ಹಲಗೆಯ ತೂಕವೂ ಸೇರಲಿ, 30 ವಾಟಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಕಾರಿನ ವೈಪರ್ ಮೋಟರು, 12 ವೋಲ್ಟಿನ ಬ್ಯಾಟರಿ, ಒಂದು ಗಟ್ಟಿ ಸ್ಕ್ರೂ. ಸಾಮಾನು ಇಷ್ಟೇ. ಕಷ್ಟವಿರುವುದು ಉಳಿದದ್ದರಲ್ಲಿ. ಆ ಹಲಗೆ ನೆಲಕ್ಕೆ ಅಂಟಿಕೊಂಡಂತೆ, ಮೂರು ನಾಲ್ಕು ಸೆಂಟಿಮೀಟರಿಗಿಂತ ಎತ್ತರವಿಲ್ಲದಂತೆ ಕೆಳಗಿಳಿಯಬೇಕು. ಅಂದರೆ ಎತ್ತುವ ಯಂತ್ರವನ್ನು ಕೆಳಗಿಡಲು ಬರುವುದಿಲ್ಲ, ಪಕ್ಕದ ಕಂಬಗಳಲ್ಲಿ ಅಡಗಿಸಬೇಕು. ಆಕೆ ಒಂದು ಪಕ್ಕಕ್ಕೆ ವಾಲಿದರೂ ಚೌಕಟ್ಟು ಮಗುಚಬಾರದು. ನಡುವೆ ಕರೆಂಟ್ ಹೋದರೆ, ಬ್ಯಾಟರಿ ಸತ್ತರೆ ಹಲಗೆ ಇದ್ದಲ್ಲೇ ನಿಲ್ಲಬೇಕು, ಕುಸಿಯಬಾರದು. ಸ್ಕ್ರೂವಿನ ಹಲ್ಲಿನ ಓರೆ ಚಿಕ್ಕದಿದ್ದರೆ ಅದು ತಾನೇ ಬಿಗಿದು ನಿಲ್ಲುತ್ತದೆ ಎಂದು ನೀವು ಎರಡನೆಯ ವರ್ಷದಲ್ಲೇ ಓದಿದ್ದೀರಿ. ಕೈಯಿಂದ ತಿರುವಿ ಇಳಿಸಲು ಒಂದು ಹಿಡಿಕೆಯೂ ಇರಬೇಕು. ಸೀರೆಯ ಸೆರಗು, ಕೈಬೆರಳು ಸಿಕ್ಕಿಕೊಳ್ಳುವ ಒಂದು ಸಂದೂ ಇರಬಾರದು. ಪ್ರದರ್ಶನದಲ್ಲಿ ನಾನು ಕಂಡ ಯಾವ ಯಂತ್ರವನ್ನೂ ಸೀರೆ ಉಟ್ಟವಳು ಕೂತು ನೋಡಿರಲಿಲ್ಲ.

ಇದನ್ನು ರೋಬೋಟ್ ಎನ್ನಬಹುದೇ ಎಂದು ಗೈಡ್ ಕೇಳಿದರೆ ನಿಮ್ಮ ಹತ್ತಿರ ಉತ್ತರವಿರಲಿ. ಕೂತವರ ತೂಕ ಎತ್ತ ವಾಲಿದೆ ಎಂದು ನಾಲ್ಕು ಮೂಲೆಯ ಲೋಡ್ ಸೆಲ್‌ಗಳಿಂದ ಅರಿತು ತಾನೇ ನಿಲ್ಲುವ, ನಿಧಾನಿಸುವ ಯಂತ್ರ ರೋಬೋಟೇ. ಮನುಷ್ಯನ ಮುಖ ಅಂಟಿಸಿ ನಮಸ್ಕಾರ ಹೇಳಿಸಿದರೆ ಮಾತ್ರ ರೋಬೋಟ್ ಆಗುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಒಬ್ಬರ ಒಂದು ಕೆಲಸದಿಂದ ಶುರುವಾದ ಯಂತ್ರಗಳು ದೂರ ಹೋಗುತ್ತವೆ ಎನ್ನುವುದಕ್ಕೆ ಹೊರಗಿನ ಎರಡು ಉದಾಹರಣೆ ಕೊಡುತ್ತೇನೆ. 1987ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಮೈಕ್ ಟಾಪಿಂಗ್ ಎಂಬವರು ಸೆರೆಬ್ರಲ್ ಪಾಲ್ಸಿ ಇದ್ದ 11 ವರ್ಷದ ಹುಡುಗನೊಬ್ಬ ತಾನೇ ಉಣ್ಣಲಿ ಎಂದು ಹ್ಯಾಂಡಿ 1 ಎಂಬ ರೋಬೋಟ್ ತೋಳು ಮಾಡಿದರು. ತಟ್ಟೆಯ ಯಾವ ಮನೆಯಿಂದ ತುತ್ತು ಬೇಕೆಂದು ಹುಡುಗನೇ ಗುಂಡಿ ಒತ್ತಿ ಆರಿಸುತ್ತಿದ್ದ. ಮುಂದೆ ಅದೇ ತೋಳಿಗೆ ಹಲ್ಲುಜ್ಜುವ, ಮುಖ ತೊಳೆಯುವ, ಗಡ್ಡ ಕೆರೆಯುವ ತಟ್ಟೆಗಳು ಬಂದವು. ಮುಖಕ್ಕೆ ಪೌಡರು, ಬಣ್ಣ ಹಚ್ಚಿಕೊಳ್ಳುವ ತಟ್ಟೆಯೂ ಬಂತು. ಅದನ್ನು ಕೇಳಿ ಮಾಡಿಸಿಕೊಂಡವರು ಅದನ್ನು ಬಳಸುತ್ತಿದ್ದ ಹೆಂಗಸರು. ಎಂಜಿನಿಯರಿಗೆ ಅದು ತಾನಾಗಿ ಹೊಳೆಯುವ ಸಂಗತಿಯಲ್ಲ. ಅಮೆರಿಕದ ಹೆನ್ರಿ ಎವನ್ಸ್ ಅವರಿಗೆ 2002ರಲ್ಲಿ, 40ನೇ ವಯಸ್ಸಿನಲ್ಲಿ ಮಿದುಳಿನ ಆಘಾತವಾಗಿ ಮೈಯೆಲ್ಲ ಸ್ತಬ್ಧವಾಯಿತು, ಮಾತೂ ಹೋಯಿತು. ಟಿವಿಯಲ್ಲಿ ಪಿಆರ್2 ಎಂಬ ರೋಬೋಟ್ ಕಂಡು, ಅದನ್ನು ಮಾಡಿದ ಕಂಪನಿಗೆ ಅವರೇ ಬರೆದರು. 2011ರಲ್ಲಿ ಸುಮಾರು 4 ಲಕ್ಷ ಡಾಲರ್ ಬೆಲೆಯ ಆ ರೋಬೋಟನ್ನು ತಲೆಯ ಸಣ್ಣ ಚಲನೆಯಿಂದ ನಡೆಸಿ ಅವರು ಮಾಡಿದ ಕೆಲಸಗಳಲ್ಲಿ ಎರಡು ಇವು: ಮುಖದ ತುರಿಕೆ ಕೆರೆದುಕೊಂಡರು, ಕೆನ್ನೆಯ ಗಡ್ಡ ಬೋಳಿಸಿಕೊಂಡರು. ಹೆಂಡತಿಯನ್ನು ಕರೆಯದೆ ತುರಿಕೆ ಕೆರೆದುಕೊಳ್ಳುವುದು ಅವರಿಗೆ ಏನಾಗಿತ್ತೆಂದು ನನಗೆ ಅಕ್ಕನ ಮಾತು ಕೇಳಿದ ಮೇಲೆ ಅರ್ಥವಾಯಿತು.

ಊಟದ ಯಂತ್ರದ ಮಾತು ನಮ್ಮಲ್ಲಿ ಬೇರೆ. ಹ್ಯಾಂಡಿ 1 ಚಮಚದ ದೇಶದ ಯಂತ್ರ. ನಮ್ಮದು ಜೋಳದ ರೊಟ್ಟಿ. ಬಿಸಿ ರೊಟ್ಟಿಯಾದರೆ ಹರಿಯಬೇಕು, ಖಡಕ್ ರೊಟ್ಟಿಯಾದರೆ ಮುರಿಯಬೇಕು, ಆಮೇಲೆ ಪಲ್ಯಕ್ಕೋ ಝುಣಕಕ್ಕೋ ಒತ್ತಿ ಎತ್ತಬೇಕು. ಲಕ್ವಾ ಹೊಡೆದು ಒಂದೇ ಕೈ ಉಳಿದವರಿಗೆ ಬಿಸಿ ರೊಟ್ಟಿ ಹರಿಯುವುದು ದೊಡ್ಡ ಪಾಡು. ಒಂದು ಕೈ ಹರಿಯುವಾಗ ಇನ್ನೊಂದು ಕೈಯಂತೆ ರೊಟ್ಟಿಯ ಅಂಚನ್ನು ಒತ್ತಿ ಹಿಡಿಯುವ, ಮೊಣಕೈ ತಾಗಿಸಿದರೆ ಬಿಡುವ ಒಂದು ಸಣ್ಣ ಹಿಡಿಕೆ ತಟ್ಟೆಗೆ ಕೂಡಿಸಿದರೆ ಸಾಕು, ಅವರು ತಮ್ಮ ಊಟ ತಾವೇ ಮಾಡುತ್ತಾರೆ. ಇಂಥದ್ದನ್ನು ಟೋಕಿಯೊದಲ್ಲೋ ಬಾಸ್ಟನ್‌ನಲ್ಲೋ ಯಾರೂ ಮಾಡಿಕೊಡುವುದಿಲ್ಲ. ರೊಟ್ಟಿ ಉಂಡು ಬೆಳೆದ ನೀವೇ ಮಾಡಬೇಕು.

ನೆಲದ ಮೇಲೆ ಬದುಕುವವರಿಗೆ ಬೇಕಾದದ್ದನ್ನು ನೆಲದ ಮೇಲೆ ಬದುಕುವವರೇ ಮಾಡಿದ ಚರಿತ್ರೆ ನಮ್ಮ ದೇಶದಲ್ಲಿದೆ. ಹೊರದೇಶದ ಕೃತಕ ಪಾದ ಬೂಟಿನೊಳಗೆ ಇರಲು ಮಾಡಿದ್ದು. ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂಡಲು, ಚಕ್ಕಳಮಕ್ಕಳ ಹಾಕಲು, ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯಲು ಬರುತ್ತಿರಲಿಲ್ಲ. 1960ರ ದಶಕದ ಕೊನೆಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ಸೇರಿ ರಬ್ಬರಿನ ಜೈಪುರ ಪಾದ ಮಾಡಿದರು. ಅದು ಲಕ್ಷಾಂತರ ಮಂದಿಯನ್ನು ನಡೆಸಿತು.

ಈಗ ಮನೆಯಲ್ಲಿ ಆರೈಕೆ ಮಾಡುವವರ ಮಾತು. ಸೊಸೆಯೋ ಮಗಳೋ ತಂಗಿಯೋ, ಹೆಚ್ಚಾಗಿ ಹೆಂಗಸೇ. ಬ್ಯಾಡಗಿಯಲ್ಲಿ ಆಕೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ರಾಣೆಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂ ತಾಗಿಸುವ ಕ್ರಾಸಿಂಗ್ ಕೆಲಸಕ್ಕೆ ಬೆಳಿಗ್ಗೆಯೇ ಹೊರಡುತ್ತಾಳೆ. ಆಕೆ ಮರಳಿ ಬರುವವರೆಗೆ ಮನೆಯಲ್ಲಿ ಉಳಿದ ಹಿರಿಯರು ಏನು ಮಾಡುತ್ತಾರೆ ಗೊತ್ತೇ? ನೀರು ಕುಡಿಯುವುದಿಲ್ಲ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಲು ಯಾರಾದರೂ ಎತ್ತಬೇಕು. ಬೇಸಿಗೆಯಲ್ಲೂ ಗಂಟಲು ಒಣಗಿಸಿಕೊಂಡು ಕೂಡುತ್ತಾರೆ, ಮೂತ್ರದ ಸೋಂಕು, ಮಲಬದ್ಧತೆ ಹಚ್ಚಿಕೊಳ್ಳುತ್ತಾರೆ. ಯಾರ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಪ್ರಶ್ನಾವಳಿಯಲ್ಲಿ ಇದಕ್ಕೊಂದು ಖಾನೆ ಇರುವುದಿಲ್ಲ, ಇದ್ದರೂ ಗಂಡುಮಕ್ಕಳ ಮುಂದೆ ಅವರು ಉತ್ತರಿಸುವುದಿಲ್ಲ. ಅದಕ್ಕೇ ನಿಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳು ಇರಲೇಬೇಕು, ಮತ್ತು ಅವರನ್ನು ವರದಿ ಟೈಪ್ ಮಾಡಲು ಕೂಡಿಸದೆ ಮನೆಯೊಳಗೆ ಕಳಿಸಬೇಕು.

ಯಂತ್ರವು ಆರೈಕೆ ಮಾಡುವವಳ ಹೊರೆ ಹೆಚ್ಚಿಸಬಾರದು. ಸಂಶೋಧಕ ಜೇಮ್ಸ್ ರೈಟ್ ಜಪಾನಿನ ಒಂದು ವೃದ್ಧಾಶ್ರಮದಲ್ಲಿದ್ದು ಆರೈಕೆ ರೋಬೋಟುಗಳನ್ನು ನೋಡಿ 2023ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದೇನೆಂದರೆ, ರೋಬೋಟನ್ನು ಎಳೆದು ತರುವುದು, ಒರೆಸುವುದು, ಚಾರ್ಜ್ ಮಾಡುವುದು, ಕಾಯುವುದು ಸಿಬ್ಬಂದಿಗೆ ಇನ್ನೊಂದು ಕೆಲಸವಾಯಿತು. ಅಷ್ಟು ಸಿರಿವಂತ ದೇಶದಲ್ಲಿ ಹಾಗಾದರೆ ನಮ್ಮಲ್ಲಿ, ನಲ್ಲಿ ಯಾವ ರಾತ್ರಿ ಬರುತ್ತದೆಂದು ಕಾದು ಕೊಡ ತುಂಬುವ ಹೆಂಗಸಿನ ಮೇಲೆ ಇನ್ನೊಂದು ಯಂತ್ರದ ಚಾಕರಿ ಹೇರಬಾರದು. ಅದನ್ನು ಅಂಗವಿಕಲರು ತಾವೇ ಬಳಸಿ, ತಾವೇ ಒರೆಸಿ, ತಾವೇ ಚಾರ್ಜಿಗೆ ಹಚ್ಚುವಂತಿರಬೇಕು.

ಧೂಳಿನ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದರ ಬಣ್ಣ ಲೋಕವೆಲ್ಲ ತಿರುಗುತ್ತದೆ. ಅದರ ಧೂಳು ಮಾತ್ರ ನಮ್ಮ ಮನೆಯೊಳಗೇ ಇರುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಕ್ಯಾಮೆರಾದ ಗಾಜು, ಸೆನ್ಸರಿನ ಬಾಯಿ, ಬೇರಿಂಗು ಎಲ್ಲದರ ಮೇಲೂ ಅದು ಕೂಡುತ್ತದೆ. ಒಂದು ವಾರವಾದರೂ ಯಂತ್ರವನ್ನು ಇಲ್ಲಿಟ್ಟು ನೋಡದೆ ಕೆಲಸ ಮುಗಿಯಿತೆನ್ನಬೇಡಿ.

ಮಾತು ಕೇಳುವ ಯಂತ್ರ ಮಾಡುವವರಿಗೆ ಒಂದು ವಿನಂತಿ. ಲಕ್ವಾದಿಂದ ನಾಲಿಗೆ ತೊಡರುವವರ, ಹಲ್ಲು ಬಿದ್ದವರ ಹಾವೇರಿ ಕಡೆಯ ಕನ್ನಡವನ್ನು ಅದು ತಿಳಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯಲ್ಲಿ ಒಂಬತ್ತು ಭಾರತೀಯ ಭಾಷೆಗಳ, ಅವುಗಳ ಒಳನುಡಿಗಳ ಮಾತನ್ನು ಕೂಡಿಹಾಕಿದ್ದಾರೆ. ಅದರಲ್ಲಿ ಕನ್ನಡವೂ ಇದೆ. ಅದರ ಮೇಲೆ ನಿಮ್ಮ ಅಜ್ಜಿಯರ ಹತ್ತಿಪ್ಪತ್ತು ಮಾತುಗಳನ್ನು ಕಲಿಸಿ. ಕಲಿಸಲಾಗದಿದ್ದರೆ ದೊಡ್ಡದೊಂದು ಗುಂಡಿ ಇಡಿ. ಗುಂಡಿ ಎಲ್ಲರ ಕನ್ನಡವನ್ನೂ ತಿಳಿಯುತ್ತದೆ.

ಕ್ಯಾಮೆರಾ ಇಡುವವರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಅವ್ವನನ್ನು ದಿನವಿಡೀ ನೋಡುತ್ತಿರಬಹುದು ಎಂದು ನೀವು ಹೆಮ್ಮೆಯಿಂದ ತೋರಿಸುತ್ತೀರಿ. ಆಕೆ ಸೀರೆ ಬದಲಿಸುವುದು, ಮೈ ಒರೆಸಿಕೊಳ್ಳುವುದು, ಬಿದ್ದು ಅಳುವುದು ಅದೇ ಕೋಣೆಯಲ್ಲಿ. ಜೀವನವಿಡೀ ಬೇರೆಯವರು ಎತ್ತಿ ಇಳಿಸಿದ ಮೈಗೆ ಮುಚ್ಚಿಕೊಳ್ಳುವ ಹಕ್ಕಾದರೂ ಉಳಿಯಬೇಡವೇ? ಕ್ಯಾಮೆರಾ ಮುಚ್ಚುವ ರೆಪ್ಪೆ ಆಕೆಯ ಕೈಗೆ ಎಟುಕಬೇಕು. ಯಂತ್ರ ನಿಲ್ಲಿಸುವ ಕೆಂಪು ಗುಂಡಿಯೂ ಆಕೆಯ ಕೈಯಲ್ಲೇ ಇರಬೇಕು. ಇದರಲ್ಲಿ ನಾನು ಎಂಥ ದೊಡ್ಡ ತಜ್ಞರೊಡನೆಯೂ ರಾಜಿ ಮಾಡಿಕೊಳ್ಳುವುದಿಲ್ಲ.

ದೇವಗಿರಿಯ ವಿದ್ಯಾರ್ಥಿಗಳಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ನೀವು ಓದುತ್ತಿರುವ ಆ ಊರಿನಲ್ಲೇ 1914ರಲ್ಲಿ ಪುಟ್ಟರಾಜ ಗವಾಯಿಗಳು ಹುಟ್ಟಿದರು. ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡರು. ಅವರ ಗುರು ಪಂಚಾಕ್ಷರ ಗವಾಯಿಗಳೂ ಇದೇ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನವರು, ಅವರಿಗೂ ಕಣ್ಣಿರಲಿಲ್ಲ. ಪುಟ್ಟರಾಜರು 2010ರಲ್ಲಿ 96ರ ಇಳಿವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಹಾಡಿದರು, ನುಡಿಸಿದರು, ಬ್ರೈಲ್‌ನಲ್ಲಿ ಬರೆದರು, ಸಾವಿರಾರು ಮಕ್ಕಳಿಗೆ ಕಲಿಸಿದರು. ಅವರ ಸಾಧನೆ ಅವರದೇ. ಆದರೆ ಆ ಬದುಕಿನ ಸುತ್ತ ಏನೇನಿತ್ತು ನೋಡಿ: ಕಣ್ಣಿಲ್ಲದವರಿಗೆಂದೇ ಕಟ್ಟಿದ ಶಾಲೆ, ಬೆರಳಿಗೆ ಸಿಗುವ ಲಿಪಿ, ದಾರಿ ಬಲ್ಲ ಮನೆ, ಕರೆದಾಗ ಬರುವ ಶಿಷ್ಯರ ಕೈಗಳು. ನೆರವು ಹತ್ತಿರವಿದ್ದದ್ದರಿಂದ ಅವರ ಹೊತ್ತೆಲ್ಲ ಸಂಗೀತಕ್ಕೆ ಸಿಕ್ಕಿತು. ನಮ್ಮ ಓಣಿಯ ಹೆಂಗಸಿಗೆ ಶಿಷ್ಯರಿಲ್ಲ. ಆಕೆಯ ಹೊತ್ತು ಆಕೆಗೆ ಸಿಗಬೇಕಾದರೆ ನಿಮ್ಮ ಯಂತ್ರ ಬೇಕು.

ದಾರಿ ಹೇಗೆ ಎಂದು ಕೇಳುತ್ತೀರಿ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಆರ್‌ಡಬ್ಲ್ಯೂ ಎಂದರೆ ಊರವರಿಗೆ ತಿಳಿಯುತ್ತದೆ. ಅವರೂ ಅಂಗವಿಕಲರೇ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಊರುಗೋಲು ಮುರಿದಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತು. ಆಗ ಕಾನೂನು ಒಪ್ಪಿದ್ದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ, 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆ ಲಕ್ಷಗಳನ್ನೆಲ್ಲ ಮರೆತು, ಕಾರ್ಯಕರ್ತರ ಜೊತೆ ಒಂದು ಮನೆಗೆ ಹೋಗಿ. ಏನೂ ಹೇಳದೆ ಬೆಳಗಿನಿಂದ ಸಂಜೆಯವರೆಗೆ ಕೂತು ನೋಡಿ. ಅವರು ಎಲ್ಲಿ ಯಾರನ್ನು ಕೂಗಿ ಕರೆಯುತ್ತಾರೆ, ಎಲ್ಲಿ ಕರೆಯದೆ ಬಿಟ್ಟುಬಿಡುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಕರೆಯದೆ ಬಿಟ್ಟ ಕೆಲಸವೇ ನಿಮ್ಮ ಪ್ರಾಜೆಕ್ಟ್. ಹೀಗೆ ಕೂತ ದಿನಕ್ಕೆ ಅವರಿಗೆ ಕೂಲಿ ಕೊಡಿ, ಅವರ ಕೆಲಸ ಕೆಟ್ಟಿರುತ್ತದೆ. ವರದಿಯಲ್ಲಿ ಪ್ರಿನ್ಸಿಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ ಕೃತಜ್ಞತೆ ಹೇಳುವ ಪುಟದಲ್ಲಲ್ಲ, ಯಂತ್ರ ರೂಪಿಸಿದವರ ಪಟ್ಟಿಯಲ್ಲೇ, ಅವರು ಒಪ್ಪಿದರೆ, ಅವರ ಹೆಸರು ಬರೆಯಿರಿ.

ಹಣಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಅದು ಸಣ್ಣ ಮೊತ್ತದ ನೆರವು ಕೊಡುತ್ತ ಬಂದಿದೆ. ಕೇಳಿ. ಬಿಡಿಭಾಗ ಆರಿಸುವಾಗ ರಾಣೆಬೆನ್ನೂರಿನ ಮೋಟರ್ ರಿವೈಂಡಿಂಗ್ ಅಂಗಡಿಯವನನ್ನು, ವೆಲ್ಡಿಂಗ್ ಶೆಡ್ಡಿನವನನ್ನು ಜೊತೆಗೆ ಕೂಡಿಸಿಕೊಳ್ಳಿ. ಆತ ರಿಪೇರಿ ಮಾಡಲಾರದ ಭಾಗ ನಿಮ್ಮ ಯಂತ್ರದಲ್ಲಿ ಒಂದೂ ಇರಬಾರದು. ನೀವು ಕೆಲಸ ಸಿಕ್ಕಿ ಪುಣೆಗೋ ಬೆಂಗಳೂರಿಗೋ ಹೋದ ಮೇಲೂ ಆತ ಇಲ್ಲೇ ಇರುತ್ತಾನೆ.

ಮಾಸ್ತರುಗಳಿಗೂ ಪರೀಕ್ಷಕರಿಗೂ ಕೈಮುಗಿದು ಕೇಳುತ್ತೇನೆ. ವೈವಾದಲ್ಲಿ ಐಒಟಿ ಎಲ್ಲಿದೆ, ಎಐ ಎಲ್ಲಿದೆ ಎಂದು ಕೇಳುವ ಮುಂಚೆ, ಇದು ಯಾರ ಮನೆಯಲ್ಲಿದೆ ಎಂದು ಕೇಳಿ. ಆ ಮನೆಯವರನ್ನೇ ಕರೆಸಿ, ಅವರೇ ಯಂತ್ರ ನಡೆಸಿ ತೋರಿಸಲಿ. ಅರ್ಧ ಅಂಕ ಅದಕ್ಕೇ ಇರಲಿ. ವಿದ್ಯಾರ್ಥಿಗಳು ಒಳ್ಳೆಯ ಇಳಿಜಾರು ಹಲಗೆಯೊಂದನ್ನು ಮಾಡಿ, ಯಂತ್ರ ಬೇಕಿಲ್ಲವೆಂದು ತೋರಿಸಿದರೆ ಅವರಿಗೂ ಪೂರ್ತಿ ಅಂಕ ಕೊಡುವ ಧೈರ್ಯ ಮಾಡಿ.

ವಿದ್ಯಾರ್ಥಿಗಳೇ, ಪ್ರಾಜೆಕ್ಟಿನ ವಿಷಯ ಬರೆದುಕೊಡುವ ಮೊದಲೇ ಬನ್ನಿ, ಬರೆದುಕೊಟ್ಟ ಮೇಲೆ ಬಂದರೆ ತಡವಾಗುತ್ತದೆ. ಅಳತೆಪಟ್ಟಿ ತನ್ನಿ, ಗುಂಪಿನಲ್ಲಿ ಹೆಣ್ಣುಮಕ್ಕಳನ್ನು ಕರೆತನ್ನಿ. ಬ್ಯಾಡಗಿಗೆ ಬರುವವರು ಸೋಮವಾರ, ಗುರುವಾರ ಬಿಟ್ಟು ಬನ್ನಿ. ಆ ಎರಡು ದಿನ ಮೆಣಸಿನಕಾಯಿ ಪೇಟೆ, ಯಾರಿಗೂ ಪುರುಸೊತ್ತಿರುವುದಿಲ್ಲ.

ಇಂತಿ,
ನಿಮ್ಮ ಹಿರಿಯಕ್ಕನಂಥ ಒಬ್ಬಳು,
ಬ್ಯಾಡಗಿ